ಕ್ಷಯರೋಗ ಮತ್ತು ನಮ್ಮ ಮನೆಯ ಊಟ

(ತಾರಿಹಾಳ ಕೈಗಾರಿಕಾ ಪ್ರದೇಶದ ಕಾರ್ಮಿಕರು ಹಾಗೂ ಅವರ ಕುಟುಂಬದವರನ್ನು ಉದ್ದೇಶಿಸಿ ಮಾಡಿದ ಭಾಷಣ)



ಹುಬ್ಬಳ್ಳಿಗೆ ಹೊಂದಿಕೊಂಡಿರುವ ಈ ತಾರಿಹಾಳವು ಬೇಸಾಯದ ಊರೂ ಹೌದು, ಕಾರಖಾನೆಗಳ ಊರೂ ಹೌದು. ಇಲ್ಲಿಯೇ ಹುಟ್ಟಿ ಬೆಳೆದವರ ಜೊತೆಗೆ ದೂರದೂರುಗಳಿಂದ ದುಡಿಮೆಯನ್ನು ಅರಸಿ ಬಂದವರೂ ಇಂದು ಈ ಸಭೆಯಲ್ಲಿ ಕುಳಿತಿದ್ದೀರಿ. ದುಡಿಯುವ ಮನುಷ್ಯನಿಗೆ ದೇಹವೇ ಬಂಡವಾಳ. ಆ ಬಂಡವಾಳವನ್ನು ಸದ್ದಿಲ್ಲದೆ ಕರಗಿಸುವ ರೋಗವೊಂದರ ವಿಷಯವಾಗಿ, ಮತ್ತು ಆ ರೋಗವನ್ನು ಕುರಿತು ನಮ್ಮ ನಾಡಿನ ವೈದ್ಯರೇ ಇತ್ತೀಚೆಗೆ ಕಂಡುಕೊಂಡ ಒಂದು ಮಹತ್ವದ ಸಂಗತಿಯ ವಿಷಯವಾಗಿ ನಾಲ್ಕು ಮಾತುಗಳನ್ನು ಆಡಬಯಸುತ್ತೇನೆ. ಆ ರೋಗವೇ ಕ್ಷಯ. ಇಂದು ಜನರು ಅದನ್ನು ಟಿ.ಬಿ. ಎಂದು ಕರೆಯುತ್ತಾರೆ.

ಕ್ಷಯರೋಗವು ಶಾಪದಿಂದ ಬರುವುದಿಲ್ಲ. ಪೂರ್ವಜನ್ಮದ ಕರ್ಮದಿಂದಲೂ ಬರುವುದಿಲ್ಲ. ಒಂದು ಸೂಕ್ಷ್ಮ ರೋಗಾಣುವಿನಿಂದ ಬರುತ್ತದೆ. 1882ರ ಮಾರ್ಚ್ 24ರಂದು ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಕ್ ಈ ರೋಗಾಣುವನ್ನು ಲೋಕಕ್ಕೆ ತೋರಿಸಿಕೊಟ್ಟನು. ಶ್ವಾಸಕೋಶದ ಕ್ಷಯವುಳ್ಳವರು ಕೆಮ್ಮಿದಾಗ, ಸೀನಿದಾಗ ರೋಗಾಣುಗಳು ಗಾಳಿಯಲ್ಲಿ ಸೇರಿ, ಆ ಗಾಳಿಯನ್ನು ಉಸಿರಾಡಿದವರ ಎದೆಯನ್ನು ಹೊಗುತ್ತವೆ. ಗಾಳಿ ಬೆಳಕು ಇಲ್ಲದ ಒಂದೇ ಕೋಣೆಯಲ್ಲಿ ಆರೇಳು ಮಂದಿ ಮಲಗುವಲ್ಲಿ ಇದಕ್ಕೆ ಅವಕಾಶ ಹೆಚ್ಚು. ತಟ್ಟೆ, ಲೋಟ, ಬಟ್ಟೆಗಳಿಂದ ಇದು ಹರಡುವುದಿಲ್ಲ. ಆದುದರಿಂದ ರೋಗಿಯ ತಾಟನ್ನು ಬೇರೆ ಇಡುವುದರಿಂದ ಯಾವ ಪ್ರಯೋಜನವೂ ಇಲ್ಲ. ಅವರ ಮನಸ್ಸನ್ನು ನೋಯಿಸಿದಂತಾಗುವುದಷ್ಟೇ.

ಇದು ಬಡವರ ಕಾಯಿಲೆ ಮಾತ್ರ ಎಂದು ಯಾರೂ ತಿಳಿಯಬಾರದು. ಮೈಸೂರು ಅರಸರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ರೋಗಕ್ಕೇ ಬಲಿಯಾದರು. ಅವರ ಹೆಸರಿನಲ್ಲಿಯೇ ಮೈಸೂರಿನಲ್ಲಿ ಕ್ಷಯರೋಗಿಗಳ ಆಸ್ಪತ್ರೆ ಸ್ಥಾಪಿತವಾಯಿತು. ಅಂದು ಅರಮನೆಗೂ ದೊರೆಯದಿದ್ದ ಔಷಧವು ಇಂದು ಗುಡಿಸಲಿನವರಿಗೂ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುತ್ತದೆ. ಆದರೂ ಜಗತ್ತಿನಲ್ಲಿ ಪ್ರತಿವರ್ಷ ಹೊಸದಾಗಿ ಕ್ಷಯಕ್ಕೆ ತುತ್ತಾಗುವ ನಾಲ್ವರಲ್ಲಿ ಒಬ್ಬರು ಭಾರತೀಯರು. ಔಷಧವಿದ್ದೂ ರೋಗವು ಏಕೆ ತೊಲಗಲಿಲ್ಲ? ಇದೇ ನಾವು ಯೋಚಿಸಬೇಕಾದ ಪ್ರಶ್ನೆ.

ಸುಪ್ತ ರೋಗಾಣು

ರೋಗಾಣು ದೇಹವನ್ನು ಹೊಕ್ಕವರೆಲ್ಲರೂ ರೋಗಿಗಳಾಗುವುದಿಲ್ಲ. ಹೊಕ್ಕವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಯಷ್ಟೇ ಮುಂದೆ ಎಂದಾದರೊಮ್ಮೆ ರೋಗಕ್ಕೆ ಒಳಗಾಗುತ್ತಾರೆ. ಉಳಿದವರ ದೇಹಶಕ್ತಿಯು ರೋಗಾಣುವನ್ನು ಅದುಮಿ ಇಟ್ಟಿರುತ್ತದೆ. ಬೂದಿ ಮುಚ್ಚಿದ ಕೆಂಡದಂತೆ ಅದು ಒಳಗೇ ಇರುತ್ತದೆ. ದೇಹಶಕ್ತಿ ಕುಂದಿದಾಗ ಕೆಂಡವು ಮತ್ತೆ ಹೊತ್ತಿಕೊಳ್ಳುತ್ತದೆ. ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಮದ್ಯಪಾನ, ಎಚ್.ಐ.ವಿ. ಸೋಂಕು ಇವು ದೇಹಶಕ್ತಿಯನ್ನು ಕುಂದಿಸುವ ಕಾರಣಗಳು. ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುವವರು, ಕಲ್ಲು ಕೊರೆಯುವವರು ಮೊದಲಾದವರ ಎದೆಯಲ್ಲಿ ಸೇರುವ ಸಿಲಿಕಾ ಧೂಳು ಸಹ ಕ್ಷಯಕ್ಕೆ ದಾರಿ ಮಾಡಿಕೊಡುತ್ತದೆ. ಆದರೆ ನಮ್ಮ ದೇಶದಲ್ಲಿ ಇವೆಲ್ಲಕ್ಕಿಂತಲೂ ವ್ಯಾಪಕವಾದ ಕಾರಣವೊಂದಿದೆ. ಅದು ಅರೆಹೊಟ್ಟೆಯ ಊಟ.

ಮದರಾಸು ಕಲಿಸಿದ ಪಾಠ

ಹಿಂದೆ ಕ್ಷಯರೋಗಿಯನ್ನು ಮನೆಯಿಂದ ದೂರದ ಆರೋಗ್ಯಧಾಮದಲ್ಲಿ ತಿಂಗಳುಗಟ್ಟಲೆ ಇರಿಸುತ್ತಿದ್ದರು. ಹಾಲು, ಮೊಟ್ಟೆ, ವಿಶ್ರಾಂತಿ ಇವೇ ಚಿಕಿತ್ಸೆ ಎನಿಸಿದ್ದವು. 1956ರಲ್ಲಿ ಮದರಾಸಿನಲ್ಲಿ ವೈದ್ಯರು ಒಂದು ಪರೀಕ್ಷೆಯನ್ನು ಕೈಗೊಂಡರು. ಕೆಲವು ಬಡ ರೋಗಿಗಳಿಗೆ ಆರೋಗ್ಯಧಾಮದಲ್ಲಿಯೂ, ಇನ್ನು ಕೆಲವರಿಗೆ ಅವರವರ ಮನೆಯಲ್ಲಿಯೇ ಒಂದೇ ಬಗೆಯ ಔಷಧವನ್ನು ಕೊಟ್ಟರು. ಮನೆಯಲ್ಲಿದ್ದವರ ಊಟ ಬಡವಾಗಿತ್ತು, ದುಡಿಮೆಯೂ ಹೆಚ್ಚಾಗಿತ್ತು. ಹೀಗಿದ್ದರೂ ಎರಡು ಗುಂಪಿನವರೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ಗುಣ ಹೊಂದಿದರು. ಮನೆಯಲ್ಲಿ ಉಳಿದ ರೋಗಿಯಿಂದ ಮನೆಯವರಿಗೆ ಹೆಚ್ಚಿನ ಅಪಾಯವೂ ಒದಗಲಿಲ್ಲ. ಏಕೆಂದರೆ ರೋಗವು ಹೆಚ್ಚಾಗಿ ಹರಡುವುದು ಚಿಕಿತ್ಸೆ ಆರಂಭವಾಗುವುದಕ್ಕಿಂತ ಮುಂಚೆ.

ಈ ಪಾಠವು ಕೋಟ್ಯಂತರ ಬಡವರಿಗೆ ವರವಾಯಿತು. ರೋಗಿಯನ್ನು ಮನೆಯಿಂದ ಹೊರಗಟ್ಟುವ ಅಗತ್ಯವಿಲ್ಲವೆಂಬುದು ಸಿದ್ಧವಾಯಿತು. ಆದರೆ ಇದರಿಂದ ಇನ್ನೊಂದು ಭಾವನೆಯೂ ಬೆಳೆಯಿತು: ಗುಳಿಗೆ ಇದ್ದರೆ ಸಾಕು, ಊಟದ ಚಿಂತೆ ಬೇಡ ಎಂಬ ಭಾವನೆ. ಆ ಭಾವನೆ ಪೂರ್ಣ ಸತ್ಯವಲ್ಲವೆಂದು ಈಚಿನ ಸಂಶೋಧನೆಯು ತೋರಿಸಿದೆ.

ಹೊಸ ಸಂಶೋಧನೆ

ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು ಇತರ ಸಂಸ್ಥೆಗಳ ವೈದ್ಯರೊಡನೆ ಸೇರಿ 2019ರಿಂದ 2022ರವರೆಗೆ ಝಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ ಒಂದು ದೊಡ್ಡ ಅಧ್ಯಯನವನ್ನು ನಡೆಸಿದರು. 2,800 ಕ್ಷಯರೋಗಿಗಳೂ ಅವರ ಮನೆಗಳ 10,345 ಮಂದಿಯೂ ಅದರಲ್ಲಿ ಸೇರಿದ್ದರು. ರೋಗಿಗಳಲ್ಲಿ ಐವರಿಗೆ ನಾಲ್ವರು ಪೋಷಣೆಯ ಕೊರತೆಯಿಂದ ಬಳಲುತ್ತಿದ್ದರು. ಎಲ್ಲ ರೋಗಿಗಳಿಗೂ ಔಷಧದ ಜೊತೆಗೆ ತಿಂಗಳಿಗೆ 10 ಕಿಲೋ ಆಹಾರದ ಪಡಿಯನ್ನು ಕೊಡಲಾಯಿತು. ಮನೆಯವರನ್ನು ಮಾತ್ರ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿನವರು ಎಂದಿನ ಊಟವನ್ನೇ ಉಂಡರು. ಇನ್ನೊಂದು ಗುಂಪಿನಲ್ಲಿ ಪ್ರತಿಯೊಬ್ಬ ವಯಸ್ಕರಿಗೂ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಮತ್ತು ಜೀವಸತ್ತ್ವದ ಗುಳಿಗೆಗಳನ್ನು ಕೊಡಲಾಯಿತು.

ಪರಿಣಾಮವೇನಾಯಿತು? ಅಕ್ಕಿ ಬೇಳೆ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇಕಡ 39ರಷ್ಟು ತಗ್ಗಿತು. ಕಫ ಪರೀಕ್ಷೆಯಿಂದ ಖಚಿತಪಟ್ಟ ಶ್ವಾಸಕೋಶದ ಕ್ಷಯವಂತೂ ಶೇಕಡ 48ರಷ್ಟು, ಅಂದರೆ ಸುಮಾರು ಅರ್ಧದಷ್ಟು ತಗ್ಗಿತು. ರೋಗಿಗಳ ವಿಷಯದಲ್ಲಿಯೂ ಒಂದು ಮುಖ್ಯ ಸಂಗತಿ ತಿಳಿದುಬಂತು. ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ಯಾರ ತೂಕವು ನೂರಕ್ಕೆ ಐದರಷ್ಟು ಏರಿತೋ ಅವರಲ್ಲಿ ಸಾವಿನ ಅಪಾಯವು ಶೇಕಡ 61ರಷ್ಟು ಕಡಿಮೆಯಾಗಿತ್ತು. 2023ರ ಆಗಸ್ಟ್ ತಿಂಗಳಲ್ಲಿ ಲ್ಯಾನ್ಸೆಟ್ ಸಮೂಹದ ವೈದ್ಯಕೀಯ ಪತ್ರಿಕೆಗಳಲ್ಲಿ ಈ ಫಲಿತಾಂಶಗಳು ಪ್ರಕಟವಾಗಿ ಲೋಕದ ಗಮನವನ್ನು ಸೆಳೆದವು.

ನಲವತ್ತು ಕಿಲೋ ತೂಗುವ ರೋಗಿಗೆ ನೂರಕ್ಕೆ ಐದು ಎಂದರೆ ಎರಡೇ ಕಿಲೋ. ಆದ್ದರಿಂದ ಚಿಕಿತ್ಸೆ ಆರಂಭಿಸಿದ ದಿನವೇ ರೋಗಿಯ ತೂಕವನ್ನು ಬರೆದಿಡಿರಿ. ಪ್ರತಿ ತಿಂಗಳೂ ತೂಗಿಸಿರಿ. ಎರಡು ತಿಂಗಳಾದರೂ ತೂಕ ಏರದಿದ್ದರೆ ವೈದ್ಯರಿಗೆ ತಿಳಿಸಿರಿ.

ಮನೆಯೊಡತಿಯ ತಾಟು

ತಾಯಂದಿರೇ, ಇಲ್ಲಿ ನಿಮಗೆ ಒಂದು ಮಾತು. ನಮ್ಮ ಮನೆಗಳಲ್ಲಿ ಗಂಡಸರು ಮೊದಲು ಉಣ್ಣುತ್ತಾರೆ, ಬಳಿಕ ಮಕ್ಕಳು. ಕೊನೆಗೆ ಬುಟ್ಟಿಯಲ್ಲಿ ಉಳಿದ ರೊಟ್ಟಿ, ಪಾತ್ರೆಯ ತಳದಲ್ಲಿ ಉಳಿದ ಪಲ್ಲೆ ಮನೆಯೊಡತಿಯ ಪಾಲು. ಗಂಡನಿಗೆ ಕ್ಷಯವಾದಾಗ ಅವಳು ತನ್ನ ಪಾಲಿನ ಹಾಲನ್ನೂ ಮೊಟ್ಟೆಯನ್ನೂ ಅವನಿಗೇ ಬಡಿಸುತ್ತಾಳೆ. ಇದು ಪ್ರೀತಿ, ನಿಜ. ಆದರೆ ರೋಗಿಯ ಹತ್ತಿರವಿದ್ದು, ಒಂದೇ ಗಾಳಿಯನ್ನು ಉಸಿರಾಡಿ, ಹೊಟ್ಟೆಗೆ ಕಡಿಮೆ ಉಂಡವಳೇ ಮುಂದಿನ ರೋಗಿಯಾಗುವ ಸಂಭವವಿದೆ. ಅಧ್ಯಯನವು ಹೇಳುವ ಪಾಠವೂ ಇದೇ. ರೋಗಿಯ ತಾಟು ತುಂಬಿದರಷ್ಟೇ ಸಾಲದು, ಮನೆಯ ಎಲ್ಲರ ತಾಟೂ ತುಂಬಬೇಕು.

ಇದಕ್ಕೆ ದುಬಾರಿ ಟಾನಿಕ್ಕುಗಳಾಗಲಿ ಡಬ್ಬಿಯ ಪುಡಿಗಳಾಗಲಿ ಬೇಕಾಗಿಲ್ಲ. ಝಾರ್ಖಂಡದಲ್ಲಿ ಮನೆಯವರನ್ನು ಕಾಪಾಡಿದ್ದು ಮುಖ್ಯವಾಗಿ ಅಕ್ಕಿ ಮತ್ತು ಬೇಳೆ. ನಮ್ಮ ಭಾಗದ ಜೋಳದ ರೊಟ್ಟಿಯ ಜೊತೆಗೆ ಹೆಸರುಕಾಳು, ಮಡಿಕೆಕಾಳು, ಅಲಸಂದಿಯ ಪಲ್ಲೆ, ಕಡಲೆಹಿಟ್ಟಿನ ಝುಣಕ, ಶೇಂಗಾ ಹಿಂಡಿ, ಮಜ್ಜಿಗೆ ಇವು ಒಳ್ಳೆಯ ಆಹಾರಗಳೇ. ತಿನ್ನುವವರು ಮೊಟ್ಟೆ, ಮೀನು, ಮಾಂಸವನ್ನು ಸೇರಿಸಿಕೊಳ್ಳಬಹುದು. ಅನ್ನ ರೊಟ್ಟಿಗಳಿಂದ ಹೊಟ್ಟೆ ತುಂಬುತ್ತದೆ; ಆದರೆ ಕಾಳು ಬೇಳೆಗಳಿಲ್ಲದೆ ದೇಹವು ಬಲಗೊಳ್ಳದೆಂಬುದನ್ನು ನೆನಪಿಡಬೇಕು.

ಊಟವು ಔಷಧಕ್ಕೆ ಬದಲಿಯಲ್ಲ

ಆಹಾರದ ಮಹತ್ವವನ್ನು ಹೇಳಿದೆನೆಂದು ಗುಳಿಗೆಯನ್ನು ಬಿಡಬಾರದು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಮೊದಲ ಎರಡು ತಿಂಗಳು ನಾಲ್ಕು ಬಗೆಯ ಔಷಧ, ಮುಂದಿನ ನಾಲ್ಕು ತಿಂಗಳು ಮೂರು ಬಗೆಯ ಔಷಧ. ಪ್ರತಿದಿನವೂ ತಪ್ಪದೆ ಸೇವಿಸಬೇಕು. ತಿಂಗಳೊಪ್ಪತ್ತಿನಲ್ಲಿ ಕೆಮ್ಮು ನಿಂತು ಮೈಗೆ ಚೈತನ್ಯ ಬಂದಾಗ ಅನೇಕರು ಗುಣವಾಯಿತೆಂದು ಗುಳಿಗೆ ನಿಲ್ಲಿಸುತ್ತಾರೆ. ಆಗ ಅಳಿದುಳಿದ ರೋಗಾಣುಗಳು ಔಷಧಕ್ಕೆ ಬಗ್ಗದಂತೆ ಬೆಳೆಯುತ್ತವೆ. ಅಂಥ ಕಠಿಣ ಕ್ಷಯಕ್ಕೂ ಆರು ತಿಂಗಳ ಹೊಸ ಚಿಕಿತ್ಸೆಯೊಂದಕ್ಕೆ 2024ರಲ್ಲಿ ನಮ್ಮ ದೇಶದಲ್ಲಿ ಒಪ್ಪಿಗೆ ದೊರೆತಿದೆ. ಆದರೆ ಆ ಸ್ಥಿತಿಗೆ ಹೋಗದಿರುವುದೇ ಲೇಸು.

ರೋಗವನ್ನು ಗುರುತಿಸುವುದೂ ಈಗ ಸುಲಭವಾಗಿದೆ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ ಇವುಗಳಲ್ಲಿ ಯಾವುದು ಕಂಡರೂ ಪರೀಕ್ಷೆ ಮಾಡಿಸಬೇಕು. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಶಾಲೆಯಲ್ಲಿ ರೂಪುಗೊಂಡ ಟ್ರೂನಾಟ್ ಎಂಬ ಸಣ್ಣ ಯಂತ್ರವು ಕಫದಲ್ಲಿರುವ ರೋಗಾಣುವನ್ನು ಸುಮಾರು ಒಂದು ತಾಸಿನಲ್ಲಿ ಪತ್ತೆ ಹಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಇದಕ್ಕೆ ಮನ್ನಣೆ ನೀಡಿದೆ.

ಇಲ್ಲೊಂದು ಹಳೆಯ ಸಂಗತಿಯನ್ನು ನೆನೆಯಬೇಕು. 1960ರ ದಶಕದ ಆರಂಭದಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿದಾಗ, ರೋಗಿಗಳಲ್ಲಿ ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿಬಂದಿದ್ದರು. ಆದರೆ ಅವರಲ್ಲಿ ಬಹುಮಂದಿ ಕೆಮ್ಮಿನ ಔಷಧದ ಸೀಸೆಯೊಂದನ್ನು ಹಿಡಿದುಕೊಂಡು ಮರಳಿದ್ದರು. ತಪ್ಪು ರೋಗಿಗಳದಾಗಿರಲಿಲ್ಲ. ಆದ್ದರಿಂದ ಕೆಮ್ಮು ಎರಡು ವಾರ ಮೀರಿದ್ದರೆ ನೀವೇ ಬಾಯಿಬಿಟ್ಟು, "ನನ್ನ ಕಫವನ್ನು ಪರೀಕ್ಷಿಸಿರಿ" ಎಂದು ಕೇಳಿರಿ. ಹಾಗೆ ಕೇಳುವುದು ನಿಮ್ಮ ಹಕ್ಕು.

ನಮ್ಮೆಲ್ಲರ ಹೊಣೆ

ಕ್ಷಯರೋಗಿಗೆ ಪೋಷಣೆಗಾಗಿ ಧನಸಹಾಯ ಕೊಡುವ ನಿಕ್ಷಯ ಪೋಷಣ ಯೋಜನೆಯು 2018ರಲ್ಲಿ ಆರಂಭವಾಯಿತು. ತಿಂಗಳಿಗೆ 500 ರೂಪಾಯಿಯಷ್ಟಿದ್ದ ಈ ಸಹಾಯವನ್ನು 2024ರ ನವೆಂಬರದಿಂದ 1,000 ರೂಪಾಯಿಗೆ ಏರಿಸಲಾಗಿದೆ. ಹಣವು ನೇರವಾಗಿ ಬ್ಯಾಂಕು ಖಾತೆಗೆ ಸೇರುವುದರಿಂದ ಖಾತೆಯ ವಿವರವನ್ನು ಆರೋಗ್ಯ ಕಾರ್ಯಕರ್ತರಿಗೆ ಕೊಡಬೇಕು. ಮನೆಯಲ್ಲಿ ಒಬ್ಬರಿಗೆ ಕ್ಷಯವೆಂದು ತಿಳಿದೊಡನೆ ಉಳಿದವರೆಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ರೋಗವಿಲ್ಲದವರು ವೈದ್ಯರ ಸಲಹೆಯಂತೆ ರೋಗ ತಡೆಯುವ ಗುಳಿಗೆಗಳನ್ನು ಸೇವಿಸಬೇಕು.

ಕಾರಖಾನೆಗಳ ಮಾಲಕರಲ್ಲಿಯೂ ನನ್ನದೊಂದು ವಿನಂತಿ. 2022ರಿಂದ ಯಾವ ದಾನಿಯೇ ಆಗಲಿ, ಸಂಸ್ಥೆಯೇ ಆಗಲಿ 'ನಿಕ್ಷಯ ಮಿತ್ರ'ರಾಗಿ ಕ್ಷಯರೋಗಿಗಳಿಗೆ ಆಹಾರದ ಪಡಿಯನ್ನು ಒದಗಿಸಬಹುದಾಗಿದೆ. ಸುಮಾರು 30 ಕುಟುಂಬಗಳಿಗೆ ಅಕ್ಕಿ ಬೇಳೆ ಒದಗಿಸಿದರೆ ಒಬ್ಬ ಮನುಷ್ಯನನ್ನು ಕ್ಷಯದಿಂದ ಉಳಿಸಬಹುದೆಂದು ಝಾರ್ಖಂಡದ ಅಧ್ಯಯನವು ಲೆಕ್ಕ ಹಾಕಿದೆ. ತಾರಿಹಾಳದ ಉದ್ದಿಮೆಗಳು ಮನಸ್ಸು ಮಾಡಿದರೆ ಇದು ದೊಡ್ಡ ಭಾರವಲ್ಲ. ಇಷ್ಟೇ ಮುಖ್ಯವಾದುದು, ರೋಗ ಬಂದಿತೆಂದು ಕಾರ್ಮಿಕನನ್ನು ಕೆಲಸದಿಂದ ತೆಗೆಯದಿರುವುದು. ಕೆಲಸ ಹೋಗುವ ಅಂಜಿಕೆಯಿದ್ದವನು ರೋಗವನ್ನು ಮುಚ್ಚಿಡುತ್ತಾನೆ. ಮುಚ್ಚಿಟ್ಟ ರೋಗವು ಪಕ್ಕದವನಿಗೆ ಹರಡುತ್ತದೆ. ಸರಿಯಾದ ಔಷಧವನ್ನು ಕ್ರಮವಾಗಿ ಸೇವಿಸಿದರೆ ಕೆಲವೇ ವಾರಗಳಲ್ಲಿ ರೋಗವು ಹರಡುವುದು ನಿಲ್ಲುತ್ತದೆ. ವೈದ್ಯರು ಒಪ್ಪಿದ ಬಳಿಕ ಆ ಕಾರ್ಮಿಕನು ಮರಳಿ ಬಂದು ತನ್ನ ಜಾಗದಲ್ಲಿ ನಿಲ್ಲುವಂತಾಗಬೇಕು.

ಬಂಧುಗಳೇ, ಇಂದು ಸಂಜೆ ಮನೆಗೆ ಹೋದ ಮೇಲೆ ಎರಡು ಕೆಲಸ ಮಾಡಿರಿ. ಮನೆಯಲ್ಲಿ ಯಾರಿಗಾದರೂ ಎರಡು ವಾರದಿಂದ ಕೆಮ್ಮು ಇದೆಯೇ ಎಂದು ವಿಚಾರಿಸಿರಿ; ಇದ್ದರೆ ನಾಳೆಯೇ ಸಮೀಪದ ಸರಕಾರಿ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿರಿ. ಎರಡನೆಯದಾಗಿ, ಮನೆಯೊಡತಿಯನ್ನೂ ಜೊತೆಗೆ ಕೂರಿಸಿಕೊಂಡು ಎಲ್ಲರೂ ಒಟ್ಟಿಗೆ ಊಟ ಮಾಡಿರಿ. ಅವಳ ತಾಟಿನಲ್ಲಿಯೂ ಕಾಳುಪಲ್ಲೆ ಇದೆಯೇ ಎಂದು ನೋಡಿರಿ.