ಹೊಲಿದವಳ ಹೆಸರೇನು?

ಸಂಡೂರು ಅಂದ್ರೆ ನಿಮಗೆ ಏನು ನೆನಪಾಗುತ್ತೆ? ಗಣಿ, ಅದಿರು, ಕೆಂಪು ಧೂಳು, ಹೊಸಪೇಟೆ ರಸ್ತೆಯ ಲಾರಿಗಳು. ನಾವು ಟಿವಿಯವರು ನಿಮಗೆ ತೋರಿಸಿದ್ದೂ ಬಹುಪಾಲು ಅದನ್ನೇ. ಅದೇ ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕೈಕೆಲಸಕ್ಕೆ ವಿಶ್ವದಾಖಲೆ ಸಿಕ್ಕಿದೆ. ನೆನಪಿದೆಯಾ?

2023ರ ಜುಲೈ. ಹಂಪಿಯಲ್ಲಿ ಜಿ20 ಸಂಸ್ಕೃತಿ ಕಾರ್ಯಕಾರಿ ಗುಂಪಿನ ಸಭೆ. ಅಲ್ಲಿ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ಹೊಲಿದ 1,755 ಲಂಬಾಣಿ ಕಸೂತಿಗಳನ್ನು ಒಂದೇ ಕಡೆ ಪ್ರದರ್ಶನಕ್ಕಿಟ್ಟರು. ಗಿನ್ನೆಸ್ ದಾಖಲೆ ಆಯ್ತು. ಲೆಕ್ಕ ಪಕ್ಕಾ ಇತ್ತು ನೋಡಿ. ಎಷ್ಟು ಕಸೂತಿ, ಎಷ್ಟು ಮಹಿಳೆಯರು, ಎಲ್ಲ ಎಣಿಸಿದ್ವಿ. ಆ 450 ಜನರಲ್ಲಿ ಒಬ್ಬರ ಹೆಸರು ಹೇಳಿ ಅಂದ್ರೆ ನನಗೂ ಬರಲ್ಲ. ಅತಿಥಿಗಳ ಹೆಸರು ಮಾತ್ರ ಪರದೆಯ ಕೆಳಗೆ ತಪ್ಪಿಲ್ಲದೆ ಹಾಕಿದ್ವಿ.

ಯಾಕೆ ಹೀಗೆ? ಬಣ್ಣ ಕ್ಯಾನ್ವಾಸ್ ಮೇಲೆ ಬಿದ್ರೆ ಅದು ಚಿತ್ರಕಲೆ, ಮೂಲೆಯಲ್ಲಿ ಸಹಿ ಇರುತ್ತೆ. ಅದೇ ಬಣ್ಣ ದಾರವಾಗಿ ಬಟ್ಟೆ ಮೇಲೆ ಬಂದ್ರೆ ಕರಕುಶಲ, ಅಲ್ಲಿ ಸಹಿ ಇಲ್ಲ. ಫೇಟಿಯಾ, ಕಾಂಚಳಿ ಮೇಲಿನ ಆ ಕನ್ನಡಿ, ಕವಡೆ, ಕೆಂಪಿನ ಪಕ್ಕ ಹಳದಿ, ಅದರ ಪಕ್ಕ ನೀಲಿ. ಯಾವುದು ಎಲ್ಲಿ ಕೂರಬೇಕು ಅಂತ ನಿರ್ಧರಿಸಿದ್ದು ಯಾರು? ಸೂಜಿ ಹಿಡಿದ ಆ ತಾಯಿಯೇ ಅಲ್ವಾ?

ಹಾಗಂತ ಕುಂಚ ಹಿಡಿದ ಹೆಣ್ಣುಮಕ್ಕಳಿಗೇನೂ ಸುಲಭವಾಗಿ ಹೆಸರು ಬರಲಿಲ್ಲ. ರವಿವರ್ಮನ ಚಿತ್ರ ನೋಡದ ಮನೆ ನಮ್ಮಲ್ಲಿಲ್ಲ. ಅವನ ತಂಗಿ ಮಂಗಳಾಬಾಯಿಯೂ ಚಿತ್ರಕಾರಳು, ಅಣ್ಣನ ಭಾವಚಿತ್ರವನ್ನೇ ಬರೆದವಳು. ಆ ಹೆಸರು ಎಷ್ಟು ಜನರಿಗೆ ಗೊತ್ತು? ಅಮೃತಾ ಶೇರ್‌ಗಿಲ್ 1941ರಲ್ಲಿ, ಬರೀ 28ನೇ ವಯಸ್ಸಿಗೆ ತೀರಿಕೊಂಡರು. ಅವರ 1937ರ ಒಂದು ಚಿತ್ರ ಹರಾಜಿನಲ್ಲಿ 61.8 ಕೋಟಿ ರೂಪಾಯಿಗೆ ಹೋಯ್ತು. ಯಾವಾಗ? ಹಂಪಿಯ ದಾಖಲೆ ಆಗಿ ಎರಡೇ ತಿಂಗಳಿಗೆ, 2023ರ ಸೆಪ್ಟೆಂಬರ್‌ನಲ್ಲಿ.

ಸಂಡೂರು ಕಸೂತಿಗೆ ಜಿಐ ಟ್ಯಾಗ್ ಇದೆಯಲ್ಲ ಅಂತೀರಾ? ಇದೆ, ಸಂತೋಷ. ಬೇರೆ ಊರಿನವರು ಆ ಹೆಸರಲ್ಲಿ ನಕಲಿ ಮಾರುವಂತಿಲ್ಲ. ಆದರೆ ಅದು ಕಾಯೋದು ಊರಿನ ಹೆಸರನ್ನ. ಹೊಲಿದವಳ ಹೆಸರು ಅದರಲ್ಲಿ ಬರಲ್ಲ.

ದೊಡ್ಡ ಯೋಜನೆ ಏನೂ ಬೇಡ. ಬೆಲೆಯ ಚೀಟಿ ಹೇಗೂ ಅಂಟಿಸ್ತೀವಿ, ಅದರ ಹಿಂದೆ ಒಂದು ಸಾಲು: ಯಾರು ಹೊಲಿದದ್ದು, ಯಾವ ತಾಂಡಾ. ಮ್ಯೂಸಿಯಂ ಆಗಲಿ, ಸರ್ಕಾರಿ ಮಳಿಗೆ ಆಗಲಿ, ಇಷ್ಟು ಮಾಡಬಹುದು. ನಮ್ಮ ಪಾಲಿನದನ್ನ ನಾವೂ ಮಾಡಬೇಕು. ಮುಂದಿನ ಸಲ ಸಂಡೂರಿಗೆ ಹೋದಾಗ, ಕ್ಯಾಮೆರಾ ಆನ್ ಮಾಡೋ ಮೊದಲು ಆ ತಾಯಂದಿರ ಹೆಸರು ಕೇಳಿ ಬರ್ಕೊಳ್ಳಿ ಅಂತ ನಮ್ಮ ವರದಿಗಾರರಿಗೆ ಹೇಳಿದ್ದೀನಿ.