ಭಾರದ ಸಾಧನೆ: ಮೊದಲ ನಾಲ್ಕು ತಿಂಗಳ ಫಲ

ಶರೀರಬಲವೆಂಬುದು ಪೈಲ್ವಾನರ ಸೊತ್ತು, ಓದುಬರಹದವರಿಗೆ ಅದರಿಂದ ಆಗಬೇಕಾದುದೇನೂ ಇಲ್ಲವೆಂಬ ಭಾವನೆ ನಮ್ಮ ಪಟ್ಟಣಗಳಲ್ಲಿ ಬಹುಕಾಲದಿಂದ ಬೇರೂರಿದೆ. ದಿನಕ್ಕೆ ಎಂಟು ಗಂಟೆ ಕುರ್ಚಿಯಲ್ಲಿ ಕುಳಿತು, ಮೂರನೆಯ ಮಹಡಿಯನ್ನೇರುವಾಗ ಏದುಸಿರು ಬಿಡುವ ನಾವೇ ಆ ಭಾವನೆಯನ್ನು ಪೋಷಿಸುತ್ತ ಬಂದವರು. ಅದು ಸರಿಯಲ್ಲವೆಂಬುದಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ‘ಶಾಂತಲಾ’ ಕಾದಂಬರಿಯ ಕರ್ತೃಗಳೆಂದು ಕನ್ನಡಿಗರು ಬಲ್ಲ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿದವರು. ೧೯೩೦ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಗ್ರಂಥವನ್ನು ಹೊರತಂದವರು. ಲೇಖನಿಯನ್ನು ಹಿಡಿದ ಕೈ ಕಬ್ಬಿಣವನ್ನು ಹಿಡಿಯಬಾರದೆಂಬ ನಿಯಮ ಅವರಿಗೆ ತಿಳಿದಿರಲಿಲ್ಲ.

ಕ್ರಮವಾಗಿ ಭಾರವನ್ನು ಹೆಚ್ಚಿಸಿ ಬಲವನ್ನು ಬೆಳಸುವ ತತ್ತ್ವ ಪುರಾತನವಾದುದು. ಕ್ರೋಟನ್ ಪಟ್ಟಣದ ಮೈಲೋ ಎಂಬ ಗ್ರೀಕ್ ಜಟ್ಟಿಯು ದಿನವೂ ಒಂದು ಎಳೆಗರುವನ್ನು ಹೊರುತ್ತಿದ್ದನೆಂದೂ, ಕರು ಎತ್ತಾಗಿ ಬೆಳೆದಾಗಲೂ ಹೊತ್ತನೆಂದೂ ಕಥೆಯುಂಟು. ಈ ಕಥೆಯ ತಿರುಳು ವೈದ್ಯಶಾಸ್ತ್ರದಲ್ಲಿ ನೆಲೆಗೊಂಡುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಗಾಯಗೊಂಡು ಬಂದ ಅಮೆರಿಕದ ಸಿಪಾಯಿಗಳ ಕಾಲುಗಳಿಗೆ ಬಲವನ್ನು ಮರಳಿಸಲು ಡಾಕ್ಟರ್ ಥಾಮಸ್ ಡಿಲಾರ್ಮ್ ಅವರು ಚಿಕಾಗೋದ ಸೈನಿಕ ಆಸ್ಪತ್ರೆಯಲ್ಲಿ ಈ ವಿಧಾನವನ್ನು ಅನುಸರಿಸಿದರು. ಹಗುರವಾದುದನ್ನು ಬಹುಸಾರಿ ಎತ್ತಿಸುವ ವಾಡಿಕೆಯನ್ನು ಬಿಟ್ಟು, ಭಾರವಾದುದನ್ನು ಕೆಲವೇ ಸಾರಿ ಎತ್ತಿಸಿ, ಫಲವನ್ನು ೧೯೪೫ರಲ್ಲಿ ಪ್ರಕಟಿಸಿದರು.

ಇಂದು ಹೊಸಬರಿಗಾಗಿ ಹೇಳಲಾಗುವ ಕ್ರಮಗಳಲ್ಲಿ ಅಮೆರಿಕದ ಮಾರ್ಕ್ ರಿಪ್ಪಟೋ ಅವರು ೨೦೦೫ರಲ್ಲಿ ಪ್ರಕಟವಾದ ‘ಸ್ಟಾರ್ಟಿಂಗ್ ಸ್ಟ್ರೆಂತ್’ ಎಂಬ ಪುಸ್ತಕದಲ್ಲಿ ವಿವರಿಸಿದುದು ಪ್ರಸಿದ್ಧವಾದುದು. ವಾರಕ್ಕೆ ಮೂರು ದಿನ ಸಾಧನೆ, ನಡುವೆ ವಿಶ್ರಾಂತಿ. ಭುಜದ ಮೇಲೆ ಬಾರ್ಬೆಲ್ಲನ್ನು ಹೊತ್ತು ಬಸ್ಕಿ ತೆಗೆಯುವುದು ಪ್ರತಿದಿನದ ಪಾಠ. ಐದೈದರಂತೆ ಮೂರು ಸರದಿ. ನಿಂತು ತಲೆಯ ಮೇಲಕ್ಕೆ ಎತ್ತುವುದು ಒಂದು ದಿನವಾದರೆ, ಬೆಂಚಿನ ಮೇಲೆ ಅಂಗಾತ ಮಲಗಿ ಎದೆಯಿಂದ ಎತ್ತುವುದು ಮತ್ತೊಂದು ದಿನ. ನೆಲದಿಂದ ಭಾರವನ್ನು ಎತ್ತಿ ನೆಟ್ಟಗೆ ನಿಲ್ಲುವುದು ಒಂದೇ ಸರದಿ, ಐದು ಸಾರಿ. ಪ್ರತಿಸಲವೂ ಒಂದಿಷ್ಟು ಭಾರವನ್ನು ಕೂಡಿಸಬೇಕು. ಇಷ್ಟೇ ಕ್ರಮ.

ನಾವು ಇದನ್ನು ನಾಲ್ಕು ತಿಂಗಳು ಅನುಸರಿಸಿ ಲೆಕ್ಕವನ್ನು ಬರೆದಿಟ್ಟೆವು. ಮೊದಲ ದಿನ ಬಿಲ್ಲೆಗಳಿಲ್ಲದ ಬರಿಯ ಸಲಾಕೆ. ಅದರ ತೂಕವೇ ೨೦ ಕಿಲೋ. ಕೊನೆಗೆ ಬಸ್ಕಿ ೮೦ ಕಿಲೋವನ್ನು ಮುಟ್ಟಿತು. ನೆಲದಿಂದ ಎತ್ತುವುದು ೪೦ರಿಂದ ೧೦೦ಕ್ಕೆ, ಬೆಂಚಿನ ಮೇಲಿನದು ೨೦ರಿಂದ ೫೫ಕ್ಕೆ ಬಂದಿತು. ತಲೆಯ ಮೇಲಕ್ಕೆ ಎತ್ತುವುದು ಮಾತ್ರ ಐದನೆಯ ವಾರದಲ್ಲಿಯೇ ೩೫ರ ಬಳಿ ನಿಂತಿತು. ಮುಂದೆ ಎರಡೂವರೆ ಕಿಲೋವಿಗೆ ಬದಲಾಗಿ ಒಂದೊಂದೇ ಕಿಲೋ ಕೂಡಿಸಿ ೪೦ಕ್ಕೆ ತಂದೆವು. ತೋಳು ಭುಜಗಳ ಸ್ನಾಯುಗಳು ತೊಡೆ ಸೊಂಟಗಳವುಗಳಿಗಿಂತ ಚಿಕ್ಕವು. ಅವುಗಳ ಮಿತಿ ಮುಂಚೆ ಬರುವುದು ಸಹಜ. ನಮ್ಮ ದೇಹದ ತೂಕ ೫೮ರಿಂದ ೬೨ ಕಿಲೋ ಆಯಿತು.

ಇಲ್ಲಿ ಒಂದು ಪ್ರಶ್ನೆ ಹುಟ್ಟುತ್ತದೆ. ಬಸ್ಕಿಯ ಭಾರ ನಾಲ್ಕು ಪಾಲಾಯಿತು; ತೊಡೆ ನಾಲ್ಕು ಪಾಲಾಗಲಿಲ್ಲವಷ್ಟೆ. ಬಲ ಬಂದುದು ಎಲ್ಲಿಂದ? ಮೊರಿಟಾನಿ ಮತ್ತು ಡಿವ್ರೀಸ್ ಎಂಬ ವಿಜ್ಞಾನಿಗಳು ೧೯೭೯ರಲ್ಲಿ ಇದಕ್ಕೆ ಉತ್ತರವನ್ನು ಕೊಟ್ಟರು. ಮೊದಮೊದಲು ಹೆಚ್ಚುವ ಬಲವು ಬಹುಮಟ್ಟಿಗೆ ನರಮಂಡಲದ ಕಲಿಕೆ. ಸ್ನಾಯುವಿನ ಗಾತ್ರ ಆಮೇಲಿನದು. ಒಂದು ತೋಳನ್ನು ಮಾತ್ರ ಪಳಗಿಸಿದರೂ ಸುಮ್ಮನಿದ್ದ ಇನ್ನೊಂದು ತೋಳಿಗೂ ಬಲ ಬಂದುದನ್ನು ಅವರು ಕಂಡರು. ಅಂದರೆ ಇದ್ದ ಸ್ನಾಯುವನ್ನೇ ಪೂರ್ಣವಾಗಿ ಬಳಸಿಕೊಳ್ಳುವುದನ್ನು ಶರೀರವು ಮೊದಲು ಕಲಿಯುತ್ತದೆ. ನಮ್ಮ ಮನೆಯಲ್ಲಿಯೇ ಹೂತಿದ್ದ ನಿಧಿ ನಮಗೆ ದೊರೆತಂತೆ.

ಈ ವೇಗವನ್ನು ಕಂಡು ಮರುಳಾಗಬಾರದು. ಸಲಕ್ಕೆ ಎರಡೂವರೆ ಕಿಲೋವಿನಂತೆ ವಾರಕ್ಕೆ ಏಳೂವರೆ, ವರ್ಷಕ್ಕೆ ೩೯೦ ಕಿಲೋ ಎಂದು ಕಾಗದದ ಮೇಲೆ ಗುಣಿಸಬಹುದು. ಶರೀರವು ಆ ಗುಣಾಕಾರವನ್ನು ಒಪ್ಪುವುದಿಲ್ಲ. ಕೆಲವು ತಿಂಗಳಲ್ಲಿ ಏರಿಕೆ ಕುಂಠಿತವಾಗುತ್ತದೆ. ಆಗ ಕ್ರಮವನ್ನೇ ಬದಲಿಸಿ, ವಾರಕ್ಕೊಮ್ಮೆ ತಿಂಗಳಿಗೊಮ್ಮೆ ಹೆಚ್ಚಿಸಬೇಕು. ಬೆಳೆಯುವುದು ಎತ್ತುವಾಗಲ್ಲ, ಎತ್ತಿದ ಮೇಲಿನ ಆಹಾರ ನಿದ್ರೆಗಳಲ್ಲಿ. ಅನ್ನ ಸಾರಿನ ಜತೆಗೆ ಬೇಳೆ, ಹಾಲು, ಮೊಸರು, ಒಗ್ಗುವವರಿಗೆ ಮೊಟ್ಟೆ ಸಾಕಷ್ಟು ಬೇಕು. ಹೃದ್ರೋಗ, ರಕ್ತದೊತ್ತಡ, ಅಂಡವಾಯು, ಬೆನ್ನಿನ ವ್ಯಾಧಿಯುಳ್ಳವರು ವೈದ್ಯರನ್ನು ಕೇಳಿಯೇ ತೊಡಗಬೇಕು. ಉಸಿರು ಬಿಗಿಹಿಡಿದು ಎತ್ತುವಾಗ ರಕ್ತದ ಒತ್ತಡ ಏರುತ್ತದೆ.

ಇಷ್ಟು ಶ್ರಮ ಯಾತಕ್ಕೆಂದು ಕೇಳುವವರುಂಟು. ೧೯೯೦ರಲ್ಲಿ ಬಾಸ್ಟನ್ ನಗರದ ವೃದ್ಧರ ಆಶ್ರಯವೊಂದರಲ್ಲಿ, ತೊಂಬತ್ತರ ಆಸುಪಾಸಿನ ಹತ್ತು ಮಂದಿ ದುರ್ಬಲರಿಗೆ ಡಾಕ್ಟರ್ ಮರಿಯಾ ಫಿಯಟರೋನ್ ಮತ್ತು ಅವರ ಸಂಗಡಿಗರು ಎಂಟು ವಾರ ಕಾಲಿನ ಭಾರಸಾಧನೆ ಮಾಡಿಸಿದರು. ಮುಗಿಸಿದ ಒಂಬತ್ತು ಮಂದಿಯ ಬಲ ಸರಾಸರಿ ನೂರಕ್ಕೆ ೧೭೪ರಷ್ಟು ಹೆಚ್ಚಿತು. ಬಾರ್ಬೆಲ್ಲಿನ ಸಾಧನೆಯಲ್ಲ ಅದು. ಆದರೆ ತತ್ತ್ವ ಒಂದೇ. ವಿಶ್ವ ಆರೋಗ್ಯ ಸಂಸ್ಥೆಯೂ ೨೦೨೦ರಲ್ಲಿ ವಯಸ್ಕರೆಲ್ಲರಿಗೂ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮವನ್ನು ವಿಧಿಸಿತು.

ಬಸ್ಕಿಯೆಂದರೆ ಕುಳಿತು ಏಳುವುದು; ಅದಕ್ಕಿಂತ ಹೆಚ್ಚೇನೂ ಅಲ್ಲ. ಇಳಿವಯಸ್ಸಿನಲ್ಲಿ ಮನುಷ್ಯನ ಸ್ವಾತಂತ್ರ್ಯವೆಲ್ಲ ಈ ಒಂದು ಕ್ರಿಯೆಯಲ್ಲಿ ಅಡಗಿರುತ್ತದೆ. ಪರರ ಕೈಯನ್ನು ಹಿಡಿಯದೆ ಮಣೆಯಿಂದ ಏಳಬಲ್ಲವನು, ಬಚ್ಚಲಿನಲ್ಲಿ ಜಾರಿದಾಗ ತನ್ನನ್ನು ತಾನು ತಡೆದುಕೊಳ್ಳಬಲ್ಲವನು, ಪದಕಗಳನ್ನು ಗೆದ್ದವನಷ್ಟೇ ಬಲಶಾಲಿ. ಹಣವನ್ನು ಮುಪ್ಪಿಗಾಗಿ ಕೂಡಿಡುವ ವಿವೇಕ ನಮ್ಮಲ್ಲಿದೆ. ಬಲವನ್ನೂ ಅದೇ ರೀತಿಯಲ್ಲಿ, ಸಲಕ್ಕೊಂದಿಷ್ಟರಂತೆ, ಈಗಿನಿಂದಲೇ ಕೂಡಿಡುವುದು ಒಳಿತು.