ಕೊಟ್ಟ ರಕ್ತ ಎಲ್ಲಿಗೆ ಹೋಗುತ್ತದೆ?

(ಸಂಘದ ವಾರ್ಷಿಕ ಸಮಾರಂಭದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ರಕ್ತದಾನದ ಮಹತ್ವವನ್ನು ನಿಮಗೆ ಹೇಳಬೇಕಾಗಿಲ್ಲ. ಶಿಬಿರಗಳಲ್ಲಿ ಸಾಲುಗಟ್ಟಿ ನಿಂತು ರಕ್ತ ಕೊಟ್ಟವರು ನಿಮ್ಮಲ್ಲೇ ಅನೇಕರಿದ್ದೀರಿ. ಇಂದು ನಾನು ಮಾತನಾಡಬೇಕೆಂದಿರುವುದು ಕೊಟ್ಟ ನಂತರದ ವಿಚಾರ. ಆ ರಕ್ತವನ್ನು ನಾವು ವೈದ್ಯರು ಸರಿಯಾಗಿ ಬಳಸುತ್ತಿದ್ದೇವೆಯೇ?

“ಒಂದು ಬಾಟಲಿ ರಕ್ತ ಬೇಕು” ಎನ್ನುವ ಮಾತು ಇನ್ನೂ ನಮ್ಮ ಬಾಯಿಂದ ಹೋಗಿಲ್ಲ. ಬಾಟಲಿ ಹೋಗಿ ಪ್ಲಾಸ್ಟಿಕ್ ಚೀಲ ಬಂದು ದಶಕಗಳೇ ಆದವು. ಚೀಲ ಬಂದುದರಿಂದಲೇ ರಕ್ತವನ್ನು ಬೇರ್ಪಡಿಸುವುದು ಸುಲಭವಾಯಿತು. ಕೊಳವೆಯಿಂದ ಜೋಡಿಸಿದ ಚೀಲಗಳನ್ನು ಯಂತ್ರದಲ್ಲಿಟ್ಟು ವೇಗವಾಗಿ ತಿರುಗಿಸಿ ಕೆಂಪು ಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಎಂದು ಬಿಡಿಸುತ್ತಾರೆ. ಒಬ್ಬರ ದಾನ ಮೂವರಿಗೆ ಸಲ್ಲಬಹುದು. ಆದರೆ ಮೂರಕ್ಕೂ ಬೇಕಾದ ಹವೆ ಬೇರೆ ಬೇರೆ. ಕೆಂಪು ಕಣ 2ರಿಂದ 6 ಡಿಗ್ರಿ ತಂಪಿನಲ್ಲಿ 35ರಿಂದ 42 ದಿನ ಇರುತ್ತದೆ. ಪ್ಲಾಸ್ಮಾವನ್ನು ಶೂನ್ಯಕ್ಕಿಂತ 30 ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸಿ ಒಂದು ವರ್ಷ ಇಡಬಹುದು. ಪ್ಲೇಟ್‌ಲೆಟ್‌ಗೆ 20ರಿಂದ 24 ಡಿಗ್ರಿ ಬೇಕು, ಸದಾ ಅಲುಗಾಡಿಸುತ್ತಿರಬೇಕು, ಆಯುಷ್ಯ 5 ದಿನ. ತಿಳಿಯದೆ ಅದನ್ನು ವಾರ್ಡಿನ ಫ್ರಿಜ್ಜಿನಲ್ಲಿಟ್ಟರೆ, ಆ ಕಣಗಳು ರೋಗಿಯ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ.

ರಕ್ತಹೀನತೆಯಿಂದ ಬಳಲುವ ವೃದ್ಧರಿಗೆ ಬೇಕಾದದ್ದು ಕೆಂಪು ಕಣ ಮಾತ್ರ. ಇಡೀ ರಕ್ತ ಏರಿಸಿದರೆ ಹೆಚ್ಚುವರಿ ದ್ರವದ ಭಾರಕ್ಕೆ ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಬಹುದು. “ನಿಶ್ಶಕ್ತಿಗೆ ಒಂದು ಪ್ಲಾಸ್ಮಾ” ಎನ್ನುವುದು ಇನ್ನೊಂದು ಹಳೆಯ ರೂಢಿ. ಒಂದು ಚೀಲ ಪ್ಲಾಸ್ಮಾದಲ್ಲಿರುವ ಪ್ರೋಟೀನು ಸುಮಾರು ಎರಡು ಮೊಟ್ಟೆಯಷ್ಟು. ಮೊಟ್ಟೆಯಿಂದ ಸೋಂಕಿನ ಭಯವಂತೂ ಇಲ್ಲ! ಹೆಪ್ಪುಗಟ್ಟಿಸುವ ಅಂಶಗಳು ಕಡಿಮೆಯಾಗಿ ರಕ್ತ ಸೋರುವವರಿಗೆ ಪ್ಲಾಸ್ಮಾ ಮೀಸಲಾಗಿರಬೇಕು.

ಮಳೆಗಾಲ ಬಂತೆಂದರೆ ಡೆಂಗ್ಯೂ. ಪ್ಲೇಟ್‌ಲೆಟ್ 40 ಸಾವಿರಕ್ಕಿಳಿದರೆ ಸಾಕು, ಮನೆಯವರು ಊರೆಲ್ಲ ಓಡಾಡುತ್ತಾರೆ. ಅವರ ಒತ್ತಡಕ್ಕೆ ವೈದ್ಯರೂ ಮಣಿಯುತ್ತಾರೆ. ರಕ್ತಸ್ರಾವವಿಲ್ಲದಿದ್ದರೆ 10 ಸಾವಿರಕ್ಕಿಂತ ಕೆಳಗೆ ಹೋಗುವವರೆಗೆ ಸಾಮಾನ್ಯವಾಗಿ ಅದರ ಅಗತ್ಯವಿಲ್ಲ. 20 ಸಾವಿರ ಅಥವಾ ಅದಕ್ಕಿಂತ ಕಡಿಮೆಯಿದ್ದ ವಯಸ್ಕರ ಮೇಲೆ ಸಿಂಗಾಪುರ ಮತ್ತು ಮಲೇಷ್ಯಾದಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂಜಾಗ್ರತೆಗಾಗಿ ಪ್ಲೇಟ್‌ಲೆಟ್ ಕೊಟ್ಟದ್ದು ರಕ್ತಸ್ರಾವ ತಡೆಯಲಿಲ್ಲ, ಅಡ್ಡಪರಿಣಾಮವೇ ಹೆಚ್ಚಾಯಿತು. ಡೆಂಗ್ಯೂವಿನಲ್ಲಿ ಮುಖ್ಯ ಅಪಾಯ ರಕ್ತನಾಳಗಳಿಂದ ದ್ರವ ಸೋರುವುದು. ಆ ಹೊತ್ತಿಗೆ ಡ್ರಿಪ್ಪನ್ನು ಅಳೆದು ಕೊಡುವ ವೈದ್ಯರು ಬೇಕು. ಇತ್ತ ಅನಗತ್ಯವಾಗಿ ಏರಿಸಿದ ಅದೇ ಪ್ಲೇಟ್‌ಲೆಟ್‌ಗಾಗಿ ರಕ್ತದ ಕ್ಯಾನ್ಸರಿನ ಮಗುವೊಂದು ಕಾಯುತ್ತಿರಬಹುದು.

ವೈದ್ಯರನ್ನಷ್ಟೇ ದೂರಿ ಫಲವಿಲ್ಲ. ಎಂ.ಬಿ.ಬಿ.ಎಸ್.ನಲ್ಲಿ ಈ ವಿಷಯ ಪೆಥಾಲಜಿಯ ಒಂದು ಮೂಲೆಯಲ್ಲಿ ಬಂದು ಹೋಗುತ್ತದೆ. ರೋಗಿಯ ಮುಂದೆ ನಿಲ್ಲುವ ವೇಳೆಗೆ ಮರೆತಿರುತ್ತದೆ. ಸಣ್ಣ ಊರುಗಳಲ್ಲಿ ಬೇರ್ಪಡಿಸುವ ಸೌಲಭ್ಯವೇ ಇಲ್ಲದೆ, ಸಿಕ್ಕಿದ್ದನ್ನು ಏರಿಸಬೇಕಾದ ಪರಿಸ್ಥಿತಿಯೂ ಇದೆ.

ನಿಮ್ಮ ಮನೆಯವರಿಗೆ ರಕ್ತ ಏರಿಸುವಾಗ “ಡಾಕ್ಟ್ರೇ, ಇದು ಯಾವ ಭಾಗ, ಯಾಕೆ ಬೇಕು?” ಎಂದು ಕೇಳಿ. ಕೇಳುವುದು ಅವಮಾನವಲ್ಲ. ವೈದ್ಯಕೀಯ ಓದುತ್ತಿರುವ ಮಕ್ಕಳೇ, ರಕ್ತ ಬೇಕೆಂದು ಬರೆಯುವ ಚೀಟಿ ಹೆಚ್ಚಾಗಿ ಹೌಸ್ ಸರ್ಜನ್ ಕೈಯಲ್ಲೇ ಇರುತ್ತದೆ. ಅದರಲ್ಲಿ ಕಾರಣದ ಜಾಗ ಖಾಲಿ ಬಿಡಬೇಡಿ. ಸಂಶಯ ಬಂದರೆ ರಕ್ತನಿಧಿಗೆ ಫೋನು ಮಾಡಿ. ರಾತ್ರಿ ಎರಡು ಗಂಟೆಗೂ ಅಲ್ಲಿ ಒಬ್ಬರು ಕೆಲಸದ ಮೇಲಿರುತ್ತಾರೆ.